ಮಗುಚಿ ನೋಡಬೇಕಾದ ಬೆಂಚು

ಇಟಲಿಯ ಟಸ್ಕನಿ ಸೀಮೆಯ ಅರೆಜ್ಜೊ ಊರಿನಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ, ಅದರ ಹಿಂದಿನ ಶನಿವಾರವೂ ಸೇರಿ, ಹಳೆಯ ಸಾಮಾನಿನ ಸಂತೆ ನೆರೆಯುತ್ತದೆ. 1968ರಲ್ಲಿ ಇವಾನ್ ಬ್ರುಸ್ಕಿ ಎಂಬ ಪುರಾತನ ವಸ್ತುಗಳ ವ್ಯಾಪಾರಿ ಹುಟ್ಟುಹಾಕಿದ ಸಂತೆ ಇದು. ಊರ ನಡುವಿನ ಇಳಿಜಾರು ಚೌಕದಿಂದ ಹಿಡಿದು ಅಕ್ಕಪಕ್ಕದ ಓಣಿಗಳವರೆಗೂ ಮೇಜು, ಕುರ್ಚಿ, ಕನ್ನಡಿ, ದೀಪಗಳು ಹರಡಿಕೊಂಡಿರುತ್ತವೆ. ಅಲ್ಲೊಂದು ಚೆಸ್ಟ್‌ನಟ್ ಮರದ ಬೆಂಚಿನ ಮುಂದೆ ನಿಂತು ನಾನು ಅದರ ಮೇಲ್ಮೈಯ ಹೊಳಪು ನೋಡುತ್ತಿದ್ದೆ. ಮಾರುವ ಮುದುಕ ಬಂದು, ಮಾತಿಲ್ಲದೆ, ಬೆಂಚನ್ನು ಎತ್ತಿ ಮಗುಚಿ ಹಾಕಿದ.

ಕೆಳಗಿನ ಮುಖಕ್ಕೆ ಹೊಳಪೇ ಇರಲಿಲ್ಲ. ಮರ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹಲಗೆಯ ಮೇಲೆ ಗರಗಸದ ಗೆರೆಗಳು ಓರೆಯಾಗಿ, ಒಂದೊಂದೂ ಬೇರೆ ಬೇರೆ ಅಂತರದಲ್ಲಿ ಎದ್ದು ಕಾಣುತ್ತಿದ್ದವು. ಕೈಗರಗಸ ಎಳೆದವನ ಉಸಿರಿನ ಏರಿಳಿತ ಹಾಗೇ ಉಳಿದಂತಿತ್ತು. ಕಾಲುಗಳ ತುದಿ, ಒದ್ದೆ ನೆಲದ ಮೇಲೆ ಎಷ್ಟೋ ವರ್ಷ ನಿಂತು ಕಪ್ಪಾಗಿತ್ತು. ಕಾಲು ಹಲಗೆಗೆ ಸೇರುವಲ್ಲಿ ಮೊಳೆಯಿಲ್ಲ, ಮರದ್ದೇ ಗೂಟ. ಆ ಗೂಟದ ತಲೆ ಹಲಗೆಯ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆದ್ದಿತ್ತು. ಹಲಗೆ ಒಣಗಿ ಕುಗ್ಗಿದೆ, ಗೂಟ ತನ್ನ ಉದ್ದದಲ್ಲಿ ಕುಗ್ಗಿಲ್ಲ. ಆಮೇಲೆ ಮುದುಕ ಆಡಿದ ಮಾತನ್ನು ಜೊತೆಗಿದ್ದ ಗೆಳೆಯ ಬಿಡಿಸಿ ಹೇಳಿದ: "ಮೇಲ್ಗಡೆ ಎಲ್ಲರೂ ಉಜ್ಜುತ್ತಾರೆ. ಕೆಳಗಡೆ ಯಾರೂ ಮುಟ್ಟೋದಿಲ್ಲ. ನೋಡೋದಾದರೆ ಅಲ್ಲಿ ನೋಡಿ."

ಇಟಲಿಯ ಹಳೆಯ ಮರದ ಬೆಂಚುಗಳ ಬಗ್ಗೆ ಆಮೇಲೆ ನಾನು ಓದಿದ್ದು, ನೋಡಿದ್ದು ಎಲ್ಲವೂ ಈ ಮಾತಿನ ಸುತ್ತಲೇ ಸುತ್ತುತ್ತಿದೆ. ಇವತ್ತಿನ ಮಾರುಕಟ್ಟೆಯಲ್ಲಿ 'ವಿಂಟೇಜ್', 'ಇಟಾಲಿಯನ್', 'ಡಿಸೈನರ್' ಎಂಬ ಮೂರು ಪದಗಳು ಒಂದು ಬೆಂಚಿನ ಬೆಲೆಯನ್ನು ಹತ್ತು ಪಟ್ಟು, ನೂರು ಪಟ್ಟು ಏರಿಸಬಲ್ಲವು. ಈ ಮೂರರಲ್ಲಿ ಮರದೊಳಗೆ ನಿಜವಾಗಿ ಇರುವುದು ಎಷ್ಟು, ಕಾಗದದ ಮೇಲಷ್ಟೇ ಇರುವುದು ಎಷ್ಟು? ಬೆಂಚು ಯಾರದು, ಗೆರೆ ಎಳೆದವನದೋ ಹಲಗೆ ಕೊಯ್ದವನದೋ?

ಇಟಲಿಯವರಿಗೆ ಬೆಂಚು ಬಡವರ ಸಾಮಾನು ಮಾತ್ರವಾಗಿರಲಿಲ್ಲ. ಹದಿನೈದನೆಯ ಶತಮಾನದ ಫ್ಲಾರೆನ್ಸ್‌ನಲ್ಲಿ ಸಿರಿವಂತರು ಅರಮನೆಯಂಥ ಮನೆ ಕಟ್ಟಿಸಿದಾಗ ಬೀದಿಗೆ ಮುಖಮಾಡಿ ಗೋಡೆಯುದ್ದಕ್ಕೂ ಕಲ್ಲಿನ ಬೆಂಚು ಕಟ್ಟಿಸುತ್ತಿದ್ದರು. ಮೆದಿಚಿ, ಸ್ಟ್ರೊಜ್ಜಿ ಮನೆತನಗಳ ಅರಮನೆಗಳಲ್ಲಿ ಅವನ್ನು ಇವತ್ತಿಗೂ ನೋಡಬಹುದು. ರುಚೆಲ್ಲಾಯ್ ಅರಮನೆಯ ಬೆಂಚಿಗಂತೂ ಒರಗುವ ಗೋಡೆಯ ಮೇಲೆ ರೋಮನ್ನರ ಕಾಲದ ಬಲೆಯಂಥ ಕಲ್ಲುಗಾರೆಯ ವಿನ್ಯಾಸ ಕೆತ್ತಲಾಗಿದೆ. ಯಜಮಾನರ ಭೇಟಿಗೆ ಬಂದವರು, ಸುಸ್ತಾದ ದಾರಿಹೋಕರು, ಕೆಲಸವಿಲ್ಲದೆ ಹರಟುವವರು ಎಲ್ಲರೂ ಅಲ್ಲಿ ಕೂರುತ್ತಿದ್ದರು. ನಮ್ಮ ಹಳ್ಳಿಮನೆಗಳ ಜಗಲಿಕಟ್ಟೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆ ಒಳಗಿನವರದು, ಕಟ್ಟೆ ಊರಿನದು.

ಹಣದ ವಹಿವಾಟೂ ಬೆಂಚಿನ ಮೇಲೆಯೇ ನಡೆಯುತ್ತಿತ್ತು. ನಾಣ್ಯ ಬದಲಾಯಿಸಿ ಕೊಡುವವರು ಕೂರುತ್ತಿದ್ದ ಹಲಗೆಗೆ 'ಬಾಂಕೊ' ಎಂದು ಹೆಸರು. ಅದರಿಂದಲೇ 'ಬ್ಯಾಂಕು' ಹುಟ್ಟಿತು. ದಿವಾಳಿಗೆ ಇಟಲಿಯವರು ಹೇಳುವ 'ಬಾಂಕಾರೊತ್ತಾ' ಎಂಬ ಮಾತಿನ ಅರ್ಥ ಮುರಿದ ಬೆಂಚು. ಇಂಗ್ಲಿಷಿನ ದಾರಿಯಾಗಿ ನಮ್ಮಲ್ಲಿಗೆ ಬಂದ 'ಬೆಂಚು' ಕೂಡ 'ಬಾಂಕೊ' ಹುಟ್ಟಿದ ಅದೇ ಜರ್ಮಾನಿಕ್ ಬೇರಿನ ಕುಡಿ. ಶಾಲೆಯ ಬೆಂಚು, ಬೀದಿಯ ಬ್ಯಾಂಕು ಒಡಹುಟ್ಟಿದವರು.

ಮನೆಯೊಳಗಿನ ಮರದ ಬೆಂಚಿಗೆ ಹದಿನಾರನೆಯ ಶತಮಾನದ ಫ್ಲಾರೆನ್ಸ್ ಕೊಟ್ಟ ಭವ್ಯ ರೂಪದ ಹೆಸರು 'ಕಸ್ಸಾಪಂಕಾ'. 'ಕಸ್ಸಾ' ಎಂದರೆ ಪೆಟ್ಟಿಗೆ, 'ಪಂಕಾ' ಎಂದರೆ ಬೆಂಚು. ಮದುವೆಯಲ್ಲಿ ಹೆಣ್ಣಿನ ಜೊತೆ ಬರುತ್ತಿದ್ದ ಬಟ್ಟೆಬರೆಯ ದೊಡ್ಡ ಪೆಟ್ಟಿಗೆಗೆ ಬೆನ್ನು, ತೋಳು ಜೋಡಿಸಿದಂತಿರುವ ಆಸನ ಅದು. ಕೂರುವ ಹಲಗೆ ಎತ್ತಿದರೆ ಒಳಗೆ ಸಾಮಾನಿಡುವ ಜಾಗ. ಹೆಚ್ಚಾಗಿ ಅಕ್ರೋಟು ಮರದ್ದು, ಅಂದರೆ ವಾಲ್‌ನಟ್. ಕಾಲಿಗೆ ಸಿಂಹದ ಪಂಜ, ಬೆನ್ನಿಗೆ ಮನೆತನದ ಲಾಂಛನ.

ಅದೇ ನಾಡಿನ ಬಡಗಿಗಳು ಕೂರಲಾಗದ ಬೆಂಚನ್ನೂ ಮಾಡಿದ್ದಾರೆ. ಉರ್ಬಿನೊದ ದೊರೆ ಫೆದೆರಿಗೊ ದ ಮೊಂತೆಫೆಲ್ತ್ರೊ ಗುಬ್ಬಿಯೊ ಊರಿನ ತನ್ನ ಅರಮನೆಯಲ್ಲಿ 1480ರ ಸುಮಾರಿಗೆ ಒಂದು ಪುಟ್ಟ ಓದುಕೋಣೆ ಮಾಡಿಸಿದ. ಅದರ ಗೋಡೆಗಳ ಮರದ ಹೊದಿಕೆ ಮುಂದೆ ನ್ಯೂಯಾರ್ಕ್ ಸೇರಿತು. ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಅದನ್ನು 1939ರಲ್ಲಿ ಕೊಂಡುಕೊಂಡಿತು. ಗೋಡೆಯ ಕೆಳಭಾಗದಲ್ಲಿ ಸುತ್ತಲೂ ಬೆಂಚುಗಳಿವೆ, ಅವುಗಳ ಮೇಲೆ ಜಾಲರಿ ಬಾಗಿಲಿನ ಕಪಾಟುಗಳು. ಹತ್ತಿರ ಹೋದರೆ ಎಲ್ಲವೂ ಚಪ್ಪಟೆ! ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಬೆಂಚಿನ ಆಳ, ಅದರ ನೆರಳು, ಅರೆತೆರೆದ ಬಾಗಿಲು ಎಲ್ಲವನ್ನೂ ಕಣ್ಣಿಗೆ ಕಟ್ಟಿದ್ದಾರೆ. ಬೀಟೆ ಹಲಗೆಯಲ್ಲಿ ತೋಡು ತೋಡಿ ಬಣ್ಣದ ಮರ ಕೂರಿಸುವ ಮೈಸೂರಿನ ಕುಶಲಕರ್ಮಿಗಳ ಕೈಗೆ ಈ ಕೆಲಸದ ಕಷ್ಟ ಗೊತ್ತು. ಆ ಗೋಡೆಗೆ ದೊರೆಯ ಹೆಸರಿದೆ, ಅದು ಫ್ಲಾರೆನ್ಸ್‌ನ ಜೂಲಿಯಾನೊ ದ ಮಯಾನೊ ಕಾರ್ಖಾನೆಯ ಕೆಲಸ ಎಂದೂ ವಿದ್ವಾಂಸರು ಗುರುತಿಸಿದ್ದಾರೆ. ಚೂರು ಚೂರು ಕೊಯ್ದು ಕೂರಿಸಿದ ಕೈಗಳಿಗೆ ಮಾತ್ರ ಹೆಸರಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪ್, ಅಮೆರಿಕದ ಸಿರಿವಂತರಿಗೆ ಹಳೆಯ ಫ್ಲಾರೆನ್ಸ್‌ನ ಹುಚ್ಚು ಹಿಡಿಯಿತು. ವಿಂಟೇಜ್ ಎಂಬ ಇವತ್ತಿನ ವ್ಯಾಪಾರದ ಬೇರು ಅಲ್ಲಿದೆ ಎಂದು ನನಗೆ ಅನಿಸುತ್ತದೆ. ಸ್ಟೆಫಾನೊ ಬರ್ದಿನಿ (1836–1922) ಆ ಕಾಲದ ದೊಡ್ಡ ವ್ಯಾಪಾರಿ. ಅವನ ಕೈದಾಟಿ ಹೋದ ಸಾಮಾನು ಇವತ್ತು ಜಗತ್ತಿನ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿದೆ. ಅವನಲ್ಲಿ ಪಳಗಿದ ಎಲಿಯಾ ವೊಲ್ಪಿ, ಫ್ಲಾರೆನ್ಸ್‌ನ ದವಂಜಾತಿ ಅರಮನೆಯನ್ನು ಕೊಂಡು, ದುರಸ್ತಿ ಮಾಡಿ, ಹಳೆಯ ಪೀಠೋಪಕರಣಗಳಿಂದ ತುಂಬಿಸಿ 1910ರಲ್ಲಿ ಜನರಿಗೆ ತೆರೆದ. ಹಳೆಯ ಕಾಲದ ಫ್ಲಾರೆನ್ಸ್ ಮನೆ ಹೀಗಿತ್ತು ಎಂದು ಜನ ನಂಬಿದರು. 1916ರಲ್ಲಿ ಅದೇ ಸಾಮಾನುಗಳನ್ನು ವೊಲ್ಪಿ ನ್ಯೂಯಾರ್ಕಿನಲ್ಲಿ ಹರಾಜು ಹಾಕಿದ. ಅಮೆರಿಕದ ಬಂಗಲೆಗಳಲ್ಲಿ 'ದವಂಜಾತಿ ಶೈಲಿ' ಎಂಬುದೊಂದು ಹುಟ್ಟಿಕೊಂಡಿತು.

ಬೇಡಿಕೆ ಹೀಗೆ ಏರಿದಾಗ ಸರಕು ಎಲ್ಲಿಂದ ಬರಬೇಕು? ಮುನ್ನೂರು ವರ್ಷದ ಹಿಂದಿನ ಬಡಗಿಗಳು ಎದ್ದುಬಂದು ಮತ್ತಷ್ಟು ಕಸ್ಸಾಪಂಕಾ ಮಾಡಿಕೊಡುವುದಿಲ್ಲವಲ್ಲ. ಮುರಿದ ಪೆಟ್ಟಿಗೆಗೆ ಬೇರೊಂದರ ಬೆನ್ನು ಸೇರಿತು. ಹಳೆಯ ಚರ್ಚಿನ ಬೆಂಚಿನ ಹಲಗೆಗೆ ಹೊಸ ಸಿಂಹಪಂಜ ಬಂತು. ಹಳೇ ಮರ, ಹೊಸ ಕೆಲಸ. ಇದರಿಂದಾಗಿ ಇವತ್ತು ವಸ್ತುಸಂಗ್ರಹಾಲಯಗಳೂ ತಮ್ಮ ಕಸ್ಸಾಪಂಕಾಗಳ ಫಲಕದಲ್ಲಿ 'ಹತ್ತೊಂಬತ್ತನೆಯ ಶತಮಾನದಲ್ಲಿ ಬಹಳಷ್ಟು ಬದಲಾಯಿಸಲಾಗಿದೆ' ಎಂಬಂಥ ಮಾತು ಬರೆಯಬೇಕಾಗಿದೆ. ಆ ಬದಲಾವಣೆ ಮಾಡಿದವರೂ ಅಸಾಧಾರಣ ಕೆಲಸಗಾರರೇ. ತಪ್ಪು ಅವರ ಉಳಿಯದಲ್ಲ, ಅದಕ್ಕೆ ಸುಳ್ಳು ವಯಸ್ಸು ಅಂಟಿಸಿ ಮಾರಿದವರದು.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಕಥೆ ಮಿಲಾನ್‌ನ ಉತ್ತರಕ್ಕೆ, ಕೊಮೊ ಸರೋವರದ ಕಡೆಗೆ ಹರಡಿರುವ ಬ್ರಿಯಾಂಜಾ ಸೀಮೆಗೆ ಹೋಗುತ್ತದೆ. ಕಂಟೂ, ಮೇದಾ, ಲಿಸ್ಸೋನೆ, ಮರಿಯಾನೊ. ಈ ಊರುಗಳಲ್ಲಿ ತಲೆಮಾರುಗಳಿಂದ ಮರದ ಕೆಲಸವೇ ಬದುಕು. ಸಾಮಾನ್ಯ ಬಡಗಿಗೆ ಇಟಲಿಯವರು 'ಫಲೆನ್ಯಾಮೆ' ಎನ್ನುತ್ತಾರೆ, ನಾಜೂಕಿನ ಪೀಠೋಪಕರಣ ಮಾಡುವವನಿಗೆ 'ಎಬಾನಿಸ್ತಾ'. ಎಬೊನಿ, ಅಂದರೆ ಕರಿಮರದಿಂದ ಬಂದ ಪದ ಅದು. ಕಂಟೂವಿನಲ್ಲಿ 1882ರಲ್ಲೇ ಕಲಾಶಾಲೆ ಶುರುವಾಯಿತು. ಮೇದಾದಲ್ಲಿ ಕಸ್ಸೀನಾ ಅಣ್ಣತಮ್ಮಂದಿರು 1927ರಲ್ಲಿ ಕಾರ್ಖಾನೆ ತೆರೆದರು. ಮರುವರ್ಷವೇ ಮಿಲಾನ್‌ನ ವಾಸ್ತುಶಿಲ್ಪಿ ಜಿಯೊ ಪೊಂಟಿ 'ದೊಮುಸ್' ಪತ್ರಿಕೆ ಹೊರಡಿಸಿ, ಮನೆಯೊಳಗಿನ ವಸ್ತುಗಳ ಬಗ್ಗೆ ಗಂಭೀರವಾದ ಚರ್ಚೆ ಬೆಳೆಸಿದರು. ಮಿಲಾನ್‌ನ ನಕ್ಷೆ, ಬ್ರಿಯಾಂಜಾದ ಉಳಿ. ಇವೆರಡರ ನಡುವಿನ ದಾರಿ ರೈಲಿನಲ್ಲಿ ಒಂದು ಗಂಟೆಯದ್ದೂ ಅಲ್ಲ. ಇಟಾಲಿಯನ್ ಡಿಸೈನ್ ಎಂದು ಜಗತ್ತು ಕೊಂಡಾಡುವುದು ಹುಟ್ಟಿದ್ದು ಈ ದಾರಿಯ ಮೇಲೆ.

1935ರಲ್ಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿದ್ದಕ್ಕೆ ಮುಸ್ಸೊಲಿನಿಯ ಇಟಲಿಯ ಮೇಲೆ ರಾಷ್ಟ್ರಗಳ ಒಕ್ಕೂಟ ನಿರ್ಬಂಧ ಹೇರಿತು. ಸರ್ಕಾರ ಎಲ್ಲವೂ ಸ್ವದೇಶಿಯೇ ಆಗಬೇಕು ಎಂದಿತು. ಹೊರನಾಡಿನ ದುಬಾರಿ ಮರದ ಜಾಗಕ್ಕೆ ಅಕ್ರೋಟು, ಚೆಸ್ಟ್‌ನಟ್‌ನಂಥ ಊರ ಮರಗಳು, ಮರದ ನಾರಿನ ಕೃತಕ ಹಲಗೆಗಳು ಬಂದವು. ಆ ಕಾಲದ ಬೆಂಚುಗಳ ಸರಳತೆಯನ್ನು ರುಚಿಯ ಮಾತಾಗಿ ಹೊಗಳುವವರು ಇದನ್ನು ಮರೆಯಬಾರದು. ಅದರ ಹಿಂದೆ ಒಂದು ಅನ್ಯಾಯದ ಯುದ್ಧದ ನೆರಳಿದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಹದಿನೈದು ವರ್ಷಗಳೇ ವಿಂಟೇಜ್ ಮಾರುಕಟ್ಟೆಯ ಚಿನ್ನದ ಗಣಿ. ವಿನ್ಯಾಸಕಾರರ ಹೆಸರುಗಳ ಪಟ್ಟಿ ಉದ್ದವಿದೆ. ಆದರೆ ಪ್ರತಿ ಹೆಸರಿನ ಪಕ್ಕ ಮಾಡಿಕೊಟ್ಟವರ ಹೆಸರು ಬರೆದುಕೊಂಡರೆ ಚಿತ್ರವೇ ಬೇರೆಯಾಗುತ್ತದೆ. ಪೊಂಟಿ ಬಿಡಿಸಿದ ಎಷ್ಟೋ ಒಂಟಿ ಪೀಠೋಪಕರಣಗಳನ್ನು ಮಾಡಿದವನು ಮಿಲಾನ್‌ನ ಜೊರ್ದಾನೊ ಕಿಯೇಸಾ. ಟ್ಯೂರಿನ್‌ನ ಕಾರ್ಲೊ ಮೊಲ್ಲಿನೊನ ಎಲುಬಿನಂತೆ ಬಾಗಿ ಬಳುಕುವ ಮರಗಳ ಹಿಂದೆ ಅದೇ ಊರಿನ ಅಪೆಲ್ಲಿ ಮತ್ತು ವರೇಸಿಯೊ ಕಾರ್ಖಾನೆ ಇದೆ. ಫ್ರಾಂಕೊ ಅಲ್ಬಿನಿಗೆ ಪಾವಿಯಾದ ಪೊಜ್ಜಿ ಸೋದರರು. ಅಲ್ಬಿನಿಯ 'ಲೂಯಿಸಾ' ಕುರ್ಚಿ 1955ರಲ್ಲಿ ಇಟಲಿಯ ದೊಡ್ಡ ವಿನ್ಯಾಸ ಪ್ರಶಸ್ತಿ ಕೊಂಪಾಸ್ಸೊ ದೊರೊ ಪಡೆಯಿತು. ಅದಕ್ಕೆ ಮುಂಚೆ ವರ್ಷಗಟ್ಟಲೆ ಅದು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಗುತ್ತಾ ಬಂದಿತ್ತು. ಕೊಮೊದ ಇಕೊ ಪರೀಸಿಗೆ ಇಂತಿಮಿಯಾನೊದ ರಿಜ್ಜಿ ಸೋದರರು, ಕಂಟೂವಿನ ಅರಿಬೆರ್ತೊ ಕೊಲೊಂಬೊ ಕೆಲಸ ಮಾಡಿಕೊಟ್ಟರು.

ಪೊಂಟಿಯವರ 'ಸೂಪರ್‌ಲೆಜ್ಜೇರಾ' ಕುರ್ಚಿಯ ಕಥೆ ಇಲ್ಲಿ ಹೇಳಲೇಬೇಕು. ಜಿನೊವಾ ಹತ್ತಿರದ ಕರಾವಳಿ ಊರು ಕಿಯಾವರಿಯಲ್ಲಿ 1807ರಲ್ಲಿ ಜುಸೆಪ್ಪೆ ಗೇತಾನೊ ದೆಸ್ಕಾಲ್ಜಿ ಎಂಬ ಬಡಗಿ ತೀರ ಹಗುರವಾದ ಕುರ್ಚಿ ಮಾಡಿದ. ಊರಿನ ಇತರರೂ ಅದನ್ನು ಕಲಿತು ಮಾಡಿದರು, ಅದು ಊರಿನದೇ ಕುರ್ಚಿಯಾಯಿತು. ಒಂದೂವರೆ ಶತಮಾನದ ನಂತರ ಪೊಂಟಿ ಅದನ್ನೇ ಎದುರಿಗಿಟ್ಟುಕೊಂಡು, ಕಸ್ಸೀನಾ ಕಾರ್ಖಾನೆಯ ಬಡಗಿಗಳ ಜೊತೆ ವರ್ಷಗಟ್ಟಲೆ ತೆಳುವಾಗಿಸುತ್ತಾ ಹೋಗಿ, 1957ರಲ್ಲಿ 1.7 ಕಿಲೋ ತೂಕದ ಕುರ್ಚಿ ಹೊರತಂದರು. ಆಶ್ ಮರ, 18 ಮಿಲಿಮೀಟರ್ ದಪ್ಪದ ತ್ರಿಕೋನ ಕಾಲು, ಬೆತ್ತದ ಹೆಣಿಗೆ. ಒಬ್ಬ ಹುಡುಗ ಅದನ್ನು ಒಂದೇ ಬೆರಳಲ್ಲಿ ಎತ್ತಿದ ಚಿತ್ರ ಜಾಹೀರಾತಾಯಿತು. ಕುರ್ಚಿಯ ಈ ಕಥೆ ಬೆಂಚಿಗೂ ಸಲ್ಲುತ್ತದೆ. ಹೊಸದೆಂದು ಹೊಗಳಿಸಿಕೊಂಡ ಆ ವಿನ್ಯಾಸದ ಒಳಗೆ ಹೆಸರೇ ಕೇಳಿರದ ಒಂದು ಊರಿನ ನೂರೈವತ್ತು ವರ್ಷದ ಕೆಲಸ ಇತ್ತು. ಪೊಂಟಿ ಅದನ್ನು ಮುಚ್ಚಿಡಲಿಲ್ಲ. ಅದು ಅವರ ದೊಡ್ಡತನ.

ಆಲ್ಪ್ಸ್ ಬೆಟ್ಟಗಳ ಕಡೆ ಬೆಂಚಿಗೆ ಬೇರೆಯೇ ಬಾಳು. ಉತ್ತರ ಇಟಲಿಯ ಜರ್ಮನ್ ನುಡಿಯ ಕಣಿವೆಗಳಲ್ಲಿ 'ಸ್ಟೂಬೆ' ಎಂಬ ಮರದ ಹೊದಿಕೆಯ ಕೋಣೆ ಇರುತ್ತದೆ. ಅದರಲ್ಲಿ ಬೆಂಕಿಯ ಒಲೆ, ಗೋಡೆಗುಂಟ ಮತ್ತು ಒಲೆಯ ಸುತ್ತ ಬೆಂಚು. ಮರ ಕಲ್ಲುಪೈನ್, ಅದರ ವಾಸನೆ ಎಷ್ಟೋ ವರ್ಷವಾದರೂ ಪೂರ್ತಿ ಹೋಗುವುದಿಲ್ಲ. ಈ ಬೆಟ್ಟದ ಬಡಗಿತನ ನಗರದ ವಾಸ್ತುಶಿಲ್ಪಿಗಳನ್ನೂ ಸೆಳೆಯಿತು. ಚೆರ್ವೀನಿಯಾ ಎಂಬ ಒಂದೇ ಹಿಮದೂರಿನಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ, ಮೊಲ್ಲಿನೊ 'ಕಾಸಾ ದೆಲ್ ಸೋಲೆ' ಕಟ್ಟಡವನ್ನೂ ಅಲ್ಬಿನಿ ಹುಡುಗರ ತಂಗುಮನೆಯನ್ನೂ ಕಟ್ಟಿದರು. ಅಂಥ ಕಟ್ಟಡಗಳಿಗೆಂದೇ ಮಾಡಿದ ಗಟ್ಟಿ ಮರದ ಆಸನಗಳು ಇಂದು ಹರಾಜಿನ ಕಟ್ಟೆ ಏರುತ್ತಿವೆ.

ಈ ಏರಿಕೆಗೆ ಒಂದು ಹಿನ್ನೆಲೆ ಇದೆ. 1950ರಲ್ಲಿ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿ ಇಟಲಿಯ ಹೊಸ ಕೈಕೆಲಸದ ಪ್ರದರ್ಶನವೊಂದು ಶುರುವಾಗಿ, 1953ರವರೆಗೆ ಅಮೆರಿಕದ ಹನ್ನೆರಡು ಸಂಗ್ರಹಾಲಯಗಳನ್ನು ಸುತ್ತಿತು. ಯುದ್ಧದಲ್ಲಿ ನೆಲಕಚ್ಚಿದ ದೇಶದ ಕುಶಲಕರ್ಮಿಗಳಿಗೆ ಮಾರುಕಟ್ಟೆ ಹುಡುಕಿಕೊಡುವ ಕೆಲಸ ಅದು. ಆ ಪ್ರದರ್ಶನಕ್ಕೆ ಹೋಗಿದ್ದ ಮೊಲ್ಲಿನೊನ ಒಂದು ಊಟದ ಮೇಜು ಬ್ರೂಕ್ಲಿನ್‌ನಲ್ಲೇ ಉಳಿದು, 2020ರ ಹರಾಜಿನಲ್ಲಿ 60 ಲಕ್ಷ ಡಾಲರ್‌ಗೂ ಮೀರಿ ಮಾರಾಟವಾಯಿತು. ಬಡಗಿಗಳ ಹೊಟ್ಟೆಪಾಡಿಗೆಂದು ಹೊರಟ ಮೇಜಿನ ಹಣ ಸಂಗ್ರಹಾಲಯಕ್ಕೆ ಸೇರಿತು. ಇದರಲ್ಲಿ ಯಾರದೂ ಅಪರಾಧವಿಲ್ಲ. ಆದರೂ ಅಪೆಲ್ಲಿ, ವರೇಸಿಯೊ ಎಂಬ ಹೆಸರುಗಳು ಆ ಸುದ್ದಿಯ ತಲೆಬರಹದಲ್ಲಿ ಇರಲಿಲ್ಲವೆಂಬುದು ನನ್ನನ್ನು ಕಾಡುತ್ತದೆ.

ಹೆಸರಿಗೆ ಇಷ್ಟು ಬೆಲೆ ಬಂದಾಗ ಹೆಸರು ಅಂಟಿಸುವ ಆಸೆಯೂ ಹುಟ್ಟುತ್ತದೆ. ಹರಾಜಿನ ಪಟ್ಟಿ ಓದುವವರು ಮೂರು ಮಾತುಗಳ ನಡುವಿನ ವ್ಯತ್ಯಾಸ ತಿಳಿಯಬೇಕು: 'ಇಂಥವರದು', 'ಇಂಥವರದೆಂದು ಹೇಳಲಾಗುತ್ತದೆ', 'ಇಂಥವರ ರೀತಿಯದು'. ಮೊದಲನೆಯದಕ್ಕೆ ಕಾಗದಪತ್ರ ಬೇಕು. ಎರಡನೆಯದು ಮಾರುವವನ ಊಹೆ. ಮೂರನೆಯದರಲ್ಲಿ ಆ ಹೆಸರಿಗೂ ಬೆಂಚಿಗೂ ಸಂಬಂಧವೇ ಇಲ್ಲ. ಬೆಂಚುಗಳ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಅವು ಹೆಚ್ಚಾಗಿ ಹೋಟೆಲು, ಶಾಲೆ, ಕಚೇರಿ, ಯಾರದೋ ಮನೆಯ ನಡುಕೋಣೆಗೆ ಅಳತೆ ಕೊಟ್ಟು ಮಾಡಿಸಿದವು. ಕಾರ್ಖಾನೆಯ ಚೀಟಿ ಇರುವುದಿಲ್ಲ. ಪೊಂಟಿ, ಅಲ್ಬಿನಿ, ಮೊಲ್ಲಿನೊ, ಪರೀಸಿ ಇವರ ದಾಖಲೆಗಳನ್ನು ಜೋಪಾನ ಮಾಡಿದ ಸಂಗ್ರಹಗಳು ಇಟಲಿಯಲ್ಲಿವೆ. ಮೂಲ ನಕ್ಷೆ, ಹಳೆಯ ಫೋಟೊ, ಬಡಗಿಗೆ ಬರೆದ ಪತ್ರ ಸಿಕ್ಕರೆ ಮಾತ್ರ ಹೆಸರು ನಿಲ್ಲುತ್ತದೆ. ಅದಿಲ್ಲದ ಬೆಂಚನ್ನು ಹೆಸರಿನ ಬೆಲೆಗೆ ಕೊಳ್ಳಬಾರದು. ಬೆಂಚಿನ ಬೆಲೆಗೆ ಕೊಳ್ಳಬಹುದು.

ಆ ಬೆಲೆ ತಿಳಿಯಲು ಅರೆಜ್ಜೊದ ಮುದುಕ ಹೇಳಿದಂತೆ ಮಗುಚಬೇಕು. ಮರದ ಹುಳು ಕೊರೆದ ತೂತುಗಳು ಮೇಲ್ಮೈಯಲ್ಲಿ ಸಣ್ಣ ಗುಂಡು ಚುಕ್ಕೆಗಳಾಗಿ ಕಾಣಬೇಕು. ಹುಳು ಒಳಗೆ ಸುತ್ತಾಡಿ ಹೊರಬರುವಾಗ ಬಿಡುವ ಗುರುತು ಅದು. ಚುಕ್ಕೆಯ ಬದಲು ಉದ್ದುದ್ದ ಕಾಲುವೆಯಂಥ ಗೀರು ಮೇಲೆಯೇ ಕಂಡರೆ, ಹುಳು ತಿಂದು ಮುಗಿಸಿದ ಹಳೆಯ ಮರವನ್ನು ಆಮೇಲೆ ಕೊಯ್ದಿದ್ದಾರೆಂದು ಅರ್ಥ. ಹಲಗೆ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಕಡೆದ ದುಂಡು ಕಾಲು ಹಳತಾದರೆ ಪೂರ್ತಿ ದುಂಡಾಗಿ ಉಳಿಯುವುದಿಲ್ಲ, ಬೆರಳಲ್ಲಿ ಸವರಿದರೆ ತಿಳಿಯುತ್ತದೆ. ಸ್ಕ್ರೂ ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ ಗೆರೆ ಇದ್ದರೆ, ಆ ಸ್ಕ್ರೂ 1930ರ ದಶಕಕ್ಕಿಂತ ಹಿಂದಿನದಾಗಲಾರದು. ಯಾರೋ ದುರಸ್ತಿಗೆ ಹಾಕಿದ್ದೂ ಆಗಿರಬಹುದು, ಒಂದೇ ಗುರುತಿನ ಮೇಲೆ ತೀರ್ಪು ಕೊಡಬಾರದು.

ಹೊಳಪಿನಲ್ಲಿ ನಮ್ಮ ನೆಲದ ಪಾಲೂ ಇದೆ. ಇಟಲಿಯವರು 'ಗೊಮ್ಮಲಾಕ್ಕಾ' ಎನ್ನುವುದು ಅರಗಿಗೆ. ಭಾರತದ ಕಾಡಿನ ಮರಗಳ ಮೇಲೆ ಅರಗಿನ ಹುಳು ಬಿಡುವ ಅಂಟು ಅದು. ನಮ್ಮ ಚನ್ನಪಟ್ಟಣದ ಬೊಂಬೆಗೆ ಬಣ್ಣದ ಜೊತೆ ಹತ್ತುವುದೂ ಅದೇ. ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ, ತೆಳ್ಳಗೆ ಪದರದ ಮೇಲೆ ಪದರ ಉಜ್ಜಿದರೆ ಆಳದಿಂದ ಬಂದಂಥ ಹೊಳಪು. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿದರೆ ಅರಗಾದರೆ ಅಂಟಂಟಾಗುತ್ತದೆ, ಈಚಿನ ಪಾಲಿಯುರೆಥೇನ್ ಆದರೆ ಜಗ್ಗುವುದಿಲ್ಲ. ಹಳೆಯ ಅರಗನ್ನು ಯಂತ್ರದಿಂದ ಉಜ್ಜಿ ತೆಗೆದು ಪ್ಲಾಸ್ಟಿಕ್ಕಿನ ಹೊಳಪು ಹೊಡೆಸುವುದು ಇಂಥ ಬೆಂಚಿಗೆ ಮಾಡಬಹುದಾದ ಅತಿ ದೊಡ್ಡ ಹಾನಿ.

ಮರದಲ್ಲೂ ನಮ್ಮ ಪಾಲಿದೆ. 1950, 60ರ ದಶಕಗಳಲ್ಲಿ ಇಟಲಿಯವರು ಮೆಚ್ಚಿದ 'ಪಲಿಸ್ಸಾಂದ್ರೊ' ಎಂಬ ಮರದಲ್ಲಿ ಬ್ರೆಜಿಲ್‌ನದ್ದೊಂದು ಬಗೆ, ಭಾರತದ್ದು ಇನ್ನೊಂದು. ಭಾರತದ್ದೆಂದರೆ ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಬೀಟೆ. ಅಳಿವಿನಂಚಿನ ಜೀವಿಗಳ ವ್ಯಾಪಾರದ ಮೇಲಿನ ಸೈಟಿಸ್ ಒಪ್ಪಂದ ಬ್ರೆಜಿಲ್ ಮರವನ್ನು 1992ರಲ್ಲಿ ಅತಿ ಬಿಗಿಯಾದ ಪಟ್ಟಿಗೆ ಸೇರಿಸಿತು. 2017ರ ಜನವರಿಯಿಂದ ಬೀಟೆ ಸೇರಿದಂತೆ ಆ ಕುಲದ ಉಳಿದ ಮರಗಳೂ ನಿಯಂತ್ರಣಕ್ಕೆ ಬಂದವು. ಹೀಗಾಗಿ ಅಂಥ ಬೆಂಚು ಗಡಿ ದಾಟಬೇಕಾದರೆ ಮರ ಯಾವುದು, ಯಾವ ಕಾಲದ್ದು ಎಂಬ ಕಾಗದ ಬೇಕಾಗುತ್ತದೆ. ಇಟಲಿಯ ಕಾನೂನು ಬೇರೆ ಇದೆ. ಮಾಡಿದವರು ತೀರಿಕೊಂಡಿದ್ದು, ವಸ್ತುವಿಗೆ 70 ವರ್ಷ ದಾಟಿದ್ದರೆ ದೇಶದಿಂದ ಹೊರಗೆ ಒಯ್ಯುವ ಮುನ್ನ ಸರ್ಕಾರದ ಕಣ್ಣಿಗೆ ಬೀಳಬೇಕು. 2017ರವರೆಗೆ ಈ ಗೆರೆ 50 ವರ್ಷಕ್ಕಿತ್ತು. 13,500 ಯೂರೊ ಒಳಗಿನದ್ದಕ್ಕೆ ನಿಯಮ ಸಡಿಲ. 1950ರ ದಶಕದ ಬೆಂಚುಗಳು ಈಗ ಒಂದೊಂದಾಗಿ ಆ 70ರ ಗೆರೆ ದಾಟುತ್ತಿವೆ. ನಿನ್ನೆಯವರೆಗೆ ಹಳೇ ಸಾಮಾನು, ಇವತ್ತು ದೇಶದ ಸೊತ್ತು.

ಹಳೆಯದು ಸಿಗದವರಿಗೆ ಮರುತಯಾರಿಕೆ ಇದೆ. ಕಸ್ಸೀನಾ ಅಲ್ಬಿನಿಯದನ್ನು, ಮೊಲ್ತೇನಿ ಪೊಂಟಿಯದನ್ನು, ಜನೊತ್ತಾ ಮೊಲ್ಲಿನೊನದನ್ನು ಮತ್ತೆ ಮಾಡುತ್ತಿವೆ. ಒಳ್ಳೆಯ ಕೆಲಸ, ಹೊಸದೆಂದೇ ಹೇಳಿ ಮಾರುವುದರಿಂದ ಪ್ರಾಮಾಣಿಕವೂ ಹೌದು.

ಇಷ್ಟೆಲ್ಲದರ ನಡುವೆ ನಿಂತು ಬೆಂಚು ಯಾರದು ಎಂಬ ನನ್ನ ಪ್ರಶ್ನೆಗೆ ನೇರ ಉತ್ತರ ಕೊಟ್ಟವರು ಇಟಲಿಯ ವಿನ್ಯಾಸಕಾರ ಎಂಜೊ ಮಾರಿ. 1974ರಲ್ಲಿ ಅವರು ಮಿಲಾನ್‌ನ ಒಂದು ಗ್ಯಾಲರಿಯಲ್ಲಿ ಹತ್ತೊಂಬತ್ತು ಪೀಠೋಪಕರಣಗಳನ್ನು ಇಟ್ಟರು. ಮೇಜು, ಕುರ್ಚಿ, ಮಂಚ, ಕಪಾಟು, ಜೊತೆಗೆ ಬೆಂಚು. ಎಲ್ಲವೂ ಪೇಟೆಯಲ್ಲಿ ಸಿಗುವ ಒರಟು ಪೈನ್ ಹಲಗೆ, ಮೊಳೆಯದು. ಬೇಕಾದದ್ದು ಗರಗಸ, ಸುತ್ತಿಗೆ. ನಕ್ಷೆಯ ಪುಸ್ತಿಕೆಯನ್ನು ಅಂಚೆ ವೆಚ್ಚ ಕಳಿಸಿದವರಿಗೆಲ್ಲ ಕೊಟ್ಟರು. ಯಾರು ಬೇಕಾದರೂ ತಮಗಾಗಿ ಮಾಡಿಕೊಳ್ಳಬಹುದು, ಕಾರ್ಖಾನೆಯವರಿಗೂ ವ್ಯಾಪಾರಿಗಳಿಗೂ ಮಾತ್ರ ಅವಕಾಶವಿಲ್ಲ ಎಂಬುದು ಅವರ ಕಟ್ಟಳೆ. ಮಾಡಿದವರು ತಮ್ಮ ಕೆಲಸದ ಚಿತ್ರ ಕಳಿಸಬೇಕೆಂದೂ ಕೇಳಿಕೊಂಡರು. ತನ್ನ ಕೈಯಾರೆ ಒಂದು ಬೆಂಚು ಮಾಡಿದವನಿಗೆ ಮುಂದೆ ಅಂಗಡಿಯಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ತಿಳಿಯುತ್ತದೆ ಎಂಬುದು ಮಾರಿಯವರ ನಂಬಿಕೆ.

ನಾಲ್ಕು ದಶಕದ ನಂತರ ಬರ್ಲಿನ್‌ನಲ್ಲಿ ಅದಕ್ಕೆ ಇನ್ನೊಂದು ಜೀವ ಬಂತು. ಪಶ್ಚಿಮ ಆಫ್ರಿಕಾದಿಂದ ಹೊರಟು, ಸಮುದ್ರ ದಾಟಿ, ಇಟಲಿಯ ಲಂಪೆದೂಸಾ ದ್ವೀಪದ ಮೂಲಕ ಜರ್ಮನಿ ಸೇರಿದ ತರುಣರು 'ಕುಕುಲಾ' ಎಂಬ ಕಾರ್ಖಾನೆಯಲ್ಲಿ ಮಾರಿಯ ನಕ್ಷೆಗಳಿಂದ ಪೀಠೋಪಕರಣ ಮಾಡತೊಡಗಿದರು. ವ್ಯಾಪಾರಿಗಳಿಗೆ ಇಲ್ಲವೆಂದಿದ್ದ ಮಾರಿ ಇವರಿಗೆ ಮಾಡಿ ಮಾರುವ ಅನುಮತಿ ಕೊಟ್ಟರು. ಕೆಲವು ಕುರ್ಚಿಗಳಲ್ಲಿ ಲಂಪೆದೂಸಾ ದಡದಲ್ಲಿ ಒಡೆದುಬಿದ್ದ ದೋಣಿಗಳ ಬಣ್ಣ ಬಳಿದ ಹಲಗೆಗಳನ್ನೇ ಸೇರಿಸಿದರು. ಇಟಲಿಯ ಡಿಸೈನ್ ಎಂಬುದಕ್ಕೆ ಇದಕ್ಕಿಂತ ದೊಡ್ಡ ಅರ್ಥವನ್ನು ನಾನು ಎಲ್ಲೂ ಕಂಡಿಲ್ಲ.

ಮಾರಿ 2020ರ ಅಕ್ಟೋಬರ್ 19ರಂದು ಮಿಲಾನ್‌ನಲ್ಲಿ ತೀರಿಕೊಂಡರು. ಅವರ ಸಮಗ್ರ ಪ್ರದರ್ಶನ ತೆರೆದು ಎರಡು ದಿನ ಆಗಿತ್ತಷ್ಟೇ. ಮರುದಿನ ಅವರ ಹೆಂಡತಿ, ಕಲಾವಿಮರ್ಶಕಿ ಲೇಯಾ ವೆರ್ಜಿನೆ ಕೂಡ ಹೋದರು. ತಮ್ಮ ಸಂಗ್ರಹವನ್ನು ಮಿಲಾನ್ ನಗರಕ್ಕೆ ಕೊಟ್ಟ ಮಾರಿ, ಆ ಪ್ರದರ್ಶನದ ನಂತರ ನಲವತ್ತು ವರ್ಷ ಅದನ್ನು ಮುಚ್ಚಿಡಬೇಕೆಂದು ಷರತ್ತು ಹಾಕಿದ್ದರು. ಬೆಂಚಿನ ನಕ್ಷೆ ಮಾತ್ರ ತೆರೆದೇ ಇದೆ. ಪುಸ್ತಿಕೆ 2002ರಿಂದ ಮತ್ತೆ ಅಚ್ಚಾಗುತ್ತಿದೆ.

ನನ್ನ ತೀರ್ಪು ಇಷ್ಟು. ಕಾಗದ ಸರಿಯಿದ್ದರೆ ಹೆಸರಿನ ಬೆಂಚಿಗೆ ಹೆಸರಿನ ಬೆಲೆ ನ್ಯಾಯವೇ, ಆದರೆ ಆ ಕಾಗದದಲ್ಲಿ ಬಡಗಿಯ ಹೆಸರೂ ಇರಬೇಕು. ವಸ್ತುಸಂಗ್ರಹಾಲಯಗಳು, ಹರಾಜುಮನೆಗಳು ಕಿಯೇಸಾ, ಪೊಜ್ಜಿ, ರಿಜ್ಜಿ ಎಂಬ ಹೆಸರುಗಳನ್ನು ಪೊಂಟಿ, ಅಲ್ಬಿನಿ, ಪರೀಸಿಯಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲಿ. ಹೆಸರಿಲ್ಲದ ಚೆಸ್ಟ್‌ನಟ್ ಬೆಂಚು ಸಿಕ್ಕಿ, ಮಗುಚಿದಾಗ ಕೆಲಸ ಚೆನ್ನಾಗಿ ಕಂಡರೆ, ಹೆಸರಿಗಾಗಿ ಕಾಯದೆ ಕೊಳ್ಳಿ. ನಿಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ಬೆಂಚೊಂದಿದ್ದರೆ ಅದನ್ನೂ ಒಮ್ಮೆ ಮಗುಚಿ ನೋಡಿ. ಮಾಡಿದ ಆಚಾರಿಯ ಹೆಸರು ಮನೆಯ ಹಿರಿಯರಿಗೆ ಇನ್ನೂ ನೆನಪಿದ್ದರೆ, ಹಲಗೆಯ ಅಡಿಗೆ ಪೆನ್ಸಿಲ್ಲಿನಲ್ಲಿ ಇವತ್ತೇ ಬರೆದಿಡಿ.